ಒಂದು ಜೋಲಿ, ಮೂರು ಕ್ವಿಲ್ಟ್

ಅಕ್ಟೋಬರ್ ಕೊನೆಯ ವಾರ, ಅಮೆರಿಕದ ರೋನ್ ಪರ್ವತದ ಕೆಳಗಿನ ಕಾಡು. ರಾತ್ರಿ ಮೂರು ಗಂಟೆಗೆ ಚಳಿಗೆ ಎಚ್ಚರವಾಗಿ, ಹೊದ್ದಿದ್ದ ಕ್ವಿಲ್ಟನ್ನು ತಲೆಯ ಟಾರ್ಚ್‌ಗೆ ಅಡ್ಡ ಹಿಡಿದು ನೋಡಿದೆ. ಎದೆಯ ಮೇಲೆ ಬರುವ ಜಾಗದಲ್ಲಿ ಬೆಳಕು ಸೋಸಿದ ಹಾಗೆ ಈಚೆಗೆ ಬರುತ್ತಿತ್ತು. ಅಲ್ಲಲ್ಲಿ ಎರಡು ಮೂರು ಎಳೆ ತುಪ್ಪುಳ, ಅಷ್ಟೆ. ಎರಡೂ ಅಂಚುಗಳು ಮಾತ್ರ ದಿಂಬಿನಂತೆ ಉಬ್ಬಿದ್ದವು. 390 ಡಾಲರ್ ತೆತ್ತು ತಂದ ಹೆಬ್ಬಾತಿನ ತುಪ್ಪುಳವೆಲ್ಲ ಜಾರಿ ನನ್ನ ಪಕ್ಕೆಗಳ ಬಳಿ ಗುಡ್ಡೆಯಾಗಿತ್ತು. ಎದೆಗೆ ಉಳಿದದ್ದು ಎರಡು ಪದರ ತೆಳು ನೈಲಾನ್.

ಆ ರಾತ್ರಿಯ ಸಿಟ್ಟಿನಿಂದಲೇ, ಜೋಲಿಯಲ್ಲಿ ಮಲಗುವಾಗ ಹೊದೆಯುವ ಮೂರು ಕ್ವಿಲ್ಟ್‌ಗಳ ಈ ಹೋಲಿಕೆ ಹುಟ್ಟಿತು.

ನಾನು ಅಪಲೇಚಿಯನ್ ಟ್ರೇಲ್ ಎಂಬ ಉದ್ದದ ಕಾಲುದಾರಿಯನ್ನು ತುಂಡು ತುಂಡಾಗಿ ನಡೆಯುತ್ತಿರುವವನು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳು, ಸುಮಾರು 3,500 ಕಿ.ಮೀ. ಒಂದೇ ಉಸಿರಿಗೆ ಮುಗಿಸುವವರು ಐದಾರು ತಿಂಗಳು ನಡೆಯುತ್ತಾರೆ. ನನಗೆ ಶಾರ್ಲಟ್‌ನ ಕಚೇರಿ ಕೊಡುವ ರಜೆಯಲ್ಲಿ ವರ್ಷಕ್ಕೆ ಎರಡು ಮೂರು ವಾರ. ನೆಲವೆಲ್ಲ ಬೇರು, ಕಲ್ಲು, ಇಳಿಜಾರು. ಆದ್ದರಿಂದ ಟೆಂಟ್ ಬಿಟ್ಟು ಎರಡು ಮರಗಳ ನಡುವೆ ಜೋಲಿ ಕಟ್ಟುತ್ತೇನೆ. ರೋನ್ ಸಾಲಿನ ಹುಲ್ಲುಬೋಳು ಬೆಟ್ಟಗಳಲ್ಲಿ ಕಟ್ಟಲು ಮರವೇ ಇರುವುದಿಲ್ಲ, ಸಂಜೆ ಕಾಡಿಗೆ ಇಳಿಯಬೇಕು ಎನ್ನುವುದೊಂದು ತಕರಾರು. ಉಳಿದಂತೆ ಬೆನ್ನಿಗೆ ಅದರಷ್ಟು ಹಿತವಾದದ್ದು ಬೇರೊಂದಿಲ್ಲ.

ಜೋಲಿಗೆ ಸ್ಲೀಪಿಂಗ್ ಬ್ಯಾಗ್ ಒಗ್ಗುವುದಿಲ್ಲ. ತೂಗಾಡುವ ಬಟ್ಟೆಯೊಳಗೆ ಕುಳಿತು ಚೀಲಕ್ಕೆ ಕಾಲು ತೂರಿಸಿ ಜಿಪ್ ಎಳೆಯುವ ಸರ್ಕಸ್ ಒಂದು ಕಡೆ. ಮುಖ್ಯ ಸಂಗತಿ ಬೇರೆ: ಮೈಭಾರಕ್ಕೆ ಅಡಿಯ ತುಪ್ಪುಳ ಅಪ್ಪಚ್ಚಿಯಾಗುತ್ತದೆ, ಅಪ್ಪಚ್ಚಿಯಾದ ತುಪ್ಪುಳ ಗಾಳಿ ಹಿಡಿಯುವುದಿಲ್ಲ, ಗಾಳಿ ಹಿಡಿಯದಿದ್ದರೆ ಬಿಸಿಯೂ ಇಲ್ಲ. ಹಾಗಾಗಿ ಜೋಲಿಯ ಹೊರಗೆ, ಅಡಿಯಲ್ಲಿ ತೂಗುವ ಹೊದಿಕೆ ಒಂದು, ಮೇಲೆ ಹೊದೆಯುವ ಕ್ವಿಲ್ಟ್ ಒಂದು. ಕ್ವಿಲ್ಟ್ ಎಂದರೆ ನಮ್ಮ ಧಾರವಾಡದ ಕಡೆಯ ಕೌದಿಯ ದೂರದ ನೆಂಟ. ಆದರೆ ಅಜ್ಜಿಯ ಕೌದಿ ಮೂರು ಕಿಲೋಗೆ ಕಡಿಮೆ ಇರಲಿಲ್ಲ. ಇದು ಅರ್ಧ ಕಿಲೋ ಚಿಲ್ಲರೆ.

ಹೋಲಿಸಿದ ಮೂರಕ್ಕೂ ತಯಾರಕರು ಹೇಳಿದ ತಾಪಮಾನ ಒಂದೇ: 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7 ಸೆಲ್ಸಿಯಸ್. ಅಡುಗೆಮನೆಯ ತಕ್ಕಡಿಯಲ್ಲಿ ನಾನೇ ತೂಗಿದೆ. ಮೊದಲನೆಯದು ರೋನ್‌ನಲ್ಲಿ ಕೈಕೊಟ್ಟದ್ದೇ, 950 ಫಿಲ್‌ನ ಹೆಬ್ಬಾತಿನ ತುಪ್ಪುಳ, 545 ಗ್ರಾಂ. ಎರಡನೆಯದು 850 ಫಿಲ್‌ನ ಬಾತುಕೋಳಿ ತುಪ್ಪುಳ, 670 ಗ್ರಾಂ, 260 ಡಾಲರ್. ಮೂರನೆಯದು ಕ್ಲೈಮಾಶೀಲ್ಡ್ ಏಪೆಕ್ಸ್ ಎಂಬ ಕೃತಕ ನಾರಿನ ಹಾಳೆ ತುಂಬಿದ್ದು, 880 ಗ್ರಾಂ, 210 ಡಾಲರ್. ಫಿಲ್ ಎಂದರೆ ಒಂದು ಔನ್ಸ್ ತುಪ್ಪುಳ ಅರಳಿ ನಿಂತಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಅದೇ ಬಿಸಿಗೆ ಕಡಿಮೆ ತೂಕದ ತುಪ್ಪುಳ ಸಾಕು. ಸಾಕಾಗಬೇಕು, ಅದು ಇದ್ದಲ್ಲೇ ಇದ್ದರೆ.

ಜನವರಿಯಲ್ಲಿ ಮನೆಯ ಹಿತ್ತಲಿನ ಎರಡು ಓಕ್ ಮರಗಳಿಗೆ ಜೋಲಿ ಕಟ್ಟಿದೆ. ಅದೇ ಕೆಳಹೊದಿಕೆ, ಅದೇ ಉಣ್ಣೆ ಟೋಪಿ, ಅದೇ ಬಟ್ಟೆ. ಒಂದು ಕ್ವಿಲ್ಟ್ ಹೊದ್ದು ಮಲಗಿ, ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಇನ್ನೊಂದಕ್ಕೆ ಬದಲಿಸುವುದು. ಹೆಂಡತಿ ಹಿಂಬಾಗಿಲ ಚಿಲಕ ಹಾಕದೆ ಮಲಗುತ್ತಿದ್ದಳು. ಸೋತು ಒಳಗೆ ಬರುತ್ತೇನೆಂಬ ಖಾತ್ರಿ ಅವಳಿಗೆ.

ಮೊದಲ ಗಂಟೆಯಲ್ಲಿ 950ರ ಸಮಕ್ಕೆ ಯಾವುದೂ ಇಲ್ಲ. ಮೈಮೇಲೆ ಏನೋ ಇದೆ ಎಂದೇ ಅನಿಸುವುದಿಲ್ಲ, ಬಿಸಿ ಮಾತ್ರ ಇರುತ್ತದೆ. ಆದರೆ ತುಪ್ಪುಳ ತುಂಬುವ ಅದರ ಖಾನೆಗಳನ್ನು ಅಡ್ಡಕ್ಕೆ, ಎಡ ಅಂಚಿನಿಂದ ಬಲ ಅಂಚಿಗೆ ಹೊಲಿದಿದ್ದಾರೆ. ಜೋಲಿಯಲ್ಲಿ ಕ್ವಿಲ್ಟ್ ಮನೆಯ ಮಾಡಿನಂತೆ ನಿಲ್ಲುತ್ತದೆ: ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಮಗ್ಗುಲು ಬದಲಿಸಿದಾಗೆಲ್ಲ ಖಾನೆಯೊಳಗಿನ ತುಪ್ಪುಳ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತದೆ. ಮಲಗುವ ಮುನ್ನ ಅಂಚುಗಳನ್ನು ತಟ್ಟಿ ತಟ್ಟಿ ತುಪ್ಪುಳವನ್ನು ನಡುವಿಗೆ ತಂದರೆ ಸರಿಹೋಗುತ್ತದೆ; ನನ್ನ ಹೊರಳಾಟಕ್ಕೆ ಆ ಸರಿ ನಡುರಾತ್ರಿಯವರೆಗೆ. ಅಲುಗಾಡದೆ ಮಲಗುವವರಿಗೆ ಈ ದೂರು ಇರಲಾರದು.

ಬಾತುಕೋಳಿಯದಕ್ಕೆ ಖಾನೆಗಳು ಉದ್ದಕ್ಕೆ, ಕುತ್ತಿಗೆಯಿಂದ ಕಾಲಿನ ಕಡೆಗೆ. ಪಕ್ಕಕ್ಕೆ ಜಾರಲು ದಾರಿಯೇ ಇಲ್ಲ. ಟಾರ್ಚ್ ಹಿಡಿದು ನೋಡಿದರೆ ಬೆಳಗಿನ ಜಾವಕ್ಕೂ ನೆರಳು ಒಂದೇ ಸಮ. 125 ಗ್ರಾಂ ಹೆಚ್ಚು ತೂಕ, 100 ಫಿಲ್ ಕಡಿಮೆ, ಆದರೂ ಮೈನಸ್ 4 ಸೆಲ್ಸಿಯಸ್‌ನಲ್ಲಿ ನಾನು ನಿದ್ದೆ ಮಾಡಿದ್ದು ಇದರಲ್ಲೇ. ಇದರ ಕೊರತೆ ಕಾಲಿನ ತುದಿಯಲ್ಲಿದೆ. ಅಲ್ಲಿ ಜಿಪ್ಪು, ಅದರ ಕೊನೆಗೆ ದಾರ. ಪೂರ್ತಿ ಬಿಚ್ಚಿದರೆ ಚಪ್ಪಟೆ ಹೊದಿಕೆಯಾಗುತ್ತದೆ, ಬೇಸಿಗೆಗೆ ಅನುಕೂಲ. ದಾರವನ್ನು ಎಷ್ಟೇ ಬಿಗಿದರೂ ಮಾತ್ರ ನಡುವೆ ನಿಂಬೆಹಣ್ಣಿನಷ್ಟು ತೂತು ಉಳಿಯುತ್ತದೆ. ಚಳಿಗೆ ಆ ವಿಳಾಸ ಚೆನ್ನಾಗಿ ಗೊತ್ತು. ಮೊದಲ ರಾತ್ರಿ ಹೆಬ್ಬೆರಳು ಮರಗಟ್ಟಿತು; ಎರಡನೆಯ ರಾತ್ರಿಯಿಂದ ಒಂದು ಜೊತೆ ಕಾಲುಚೀಲವನ್ನು ಉಂಡೆ ಮಾಡಿ ಅಲ್ಲಿಗೆ ತುರುಕುತ್ತಿದ್ದೇನೆ. 950ರಲ್ಲಿ ಕಾಲಿನ ಭಾಗವನ್ನು ಚೀಲದಂತೆ ಹೊಲಿದೇ ಬಿಟ್ಟಿದ್ದಾರೆ. ಜೋಲಿಗೆ ಅದೇ ಸರಿ: ಕುಳಿತಲ್ಲೇ ಎರಡೂ ಪಾದ ಇಳಿಬಿಟ್ಟು ಹಿಂದಕ್ಕೆ ಒರಗಿದರೆ ಮುಗಿಯಿತು.

ಬಾತುಕೋಳಿಯ ಇನ್ನೊಂದು ಗುಣವನ್ನೂ ಹೇಳಿಬಿಡಬೇಕು. ಮೂರು ದಿನ ತೇವದಲ್ಲಿದ್ದರೆ ಕೋಳಿಗೂಡಿನ ಮಂದ ವಾಸನೆ ಬರುತ್ತದೆ. ಫೋನಿನಲ್ಲಿ ಅವ್ವನಿಗೆ ಈ ವಿಷಯ ಬಾಯ್ತಪ್ಪಿ ಹೇಳಿ, "ಹಕ್ಕಿಯ ಪುಕ್ಕ ಹೊದ್ದುಕೊಂಡು ಮಲಗುತ್ತೀಯೇನೋ? ನಮ್ಮ ಮನೆತನದಲ್ಲಿ ಯಾರಾದರೂ ಮಾಡಿದ್ದಾರೆಯೇ?" ಎಂದು ಬೈಸಿಕೊಂಡೆ. ಜೀವಂತ ಹಕ್ಕಿಯಿಂದ ಕಿತ್ತದ್ದಲ್ಲ, ಅದಕ್ಕೆಂದೇ 2014ರಿಂದ ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಎಂಬ ಪ್ರಮಾಣಪತ್ರವಿದೆ ಎಂದು ವಿವರಿಸಿದೆ. ಸತ್ತ ಹಕ್ಕಿಯದು ಎಂದರೆ ಅವ್ವನ ಸಮಾಧಾನ ಹೆಚ್ಚೇನೂ ಆಗಲಿಲ್ಲ.

ಅವ್ವನ ಮಾತಿನಂತೆ ನಡೆಯುವುದಾದರೆ ಏಪೆಕ್ಸ್ ಇದೆ. ಹಾಳೆಯಾದ್ದರಿಂದ ಖಾನೆಯೂ ಬೇಡ, ಜಾರುವ ಪ್ರಶ್ನೆಯೂ ಇಲ್ಲ. ಮೇ ತಿಂಗಳಲ್ಲಿ ವರ್ಜೀನಿಯಾದ ಡಮಾಸ್ಕಸ್‌ನಿಂದ ಉತ್ತರಕ್ಕೆ ಐದು ದಿನ ನಡೆದಾಗ ನಾಲ್ಕು ದಿನ ಮಳೆ. ಮಂಜು ಜೋಲಿಯ ಮೇಲಿನ ಟಾರ್ಪಾಲಿನ ಕೆಳಗೂ ನುಗ್ಗಿ ಎಲ್ಲವನ್ನೂ ತೋಯಿಸಿತು. ಏಪೆಕ್ಸ್‌ನ ಹೊರಬಟ್ಟೆ ಕೈಗೆ ತಣ್ಣಗೆ ಜಿಗುಟುತ್ತಿತ್ತು, ಒಳಗೆ ನಾನು ಬೆಚ್ಚಗಿದ್ದೆ. ಹಿಂದಿನ ವರ್ಷ ಅಂಥದೇ ಹವೆಯಲ್ಲಿ 950 ನಾಲ್ಕನೆಯ ರಾತ್ರಿಗೆ ಒದ್ದೆ ಪಂಚೆಯಂತೆ ಮೈಗೆ ಅಂಟಿತ್ತು. ಊರಿಗಿಳಿದು ಲಾಂಡ್ರಿಯ ಡ್ರೈಯರ್‌ನಲ್ಲಿ ಎರಡು ಟೆನಿಸ್ ಚೆಂಡುಗಳ ಜೊತೆ ಸಣ್ಣ ಬಿಸಿಗೆ ಒಂದೂವರೆ ಗಂಟೆ ಉರುಳಿಸಿದ ಮೇಲೆಯೇ ಜೀವ ಬಂದದ್ದು. ಆದರೆ ಏಪೆಕ್ಸ್ ನನ್ನ 50 ಲೀಟರ್ ಚೀಲದ ಅರ್ಧ ಜಾಗ ನುಂಗುತ್ತದೆ. ಐದು ದಿನದ ಊಟ ಹೊತ್ತವನಿಗೆ ಅದು ಸಣ್ಣ ಮಾತಲ್ಲ. ಮಡಚಿ ತುಂಬಿದಷ್ಟೂ ಅದರ ಉಬ್ಬು ಇಳಿಯುತ್ತಲೇ ಹೋಗುತ್ತದೆ. ತುಪ್ಪುಳ ಒಣಗಿದರೆ ಮತ್ತೆ ಅರಳುತ್ತದೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು: ಜೋಲಿಯಲ್ಲಿ ನಡುಗಿದ ಹತ್ತರಲ್ಲಿ ಏಳು ರಾತ್ರಿ ತಪ್ಪು ಮೇಲಿನ ಕ್ವಿಲ್ಟಿನದಲ್ಲ, ಕೆಳಹೊದಿಕೆಯದು. ಅದಕ್ಕೂ ಜೋಲಿಯ ಬಟ್ಟೆಗೂ ನಡುವೆ ಕೈ ತೂರುವಷ್ಟು ಸಂದು ಬಿಟ್ಟರೆ ಮೇಲೆ ಯಾವ ಹಕ್ಕಿಯನ್ನು ಹೊದ್ದರೂ ಸೊಂಟ ಐಸ್ ಆಗುತ್ತದೆ. ಮೊದಲು ಕೆಳಹೊದಿಕೆಯ ದಾರ ಬಿಗಿದು ನೋಡಿ, ಆಮೇಲೆ ಹೊಸ ಕ್ವಿಲ್ಟಿಗೆ ದುಡ್ಡು ತೆಗೆಯಿರಿ. ಚೀಟಿಯಲ್ಲಿರುವ ತಾಪಮಾನಕ್ಕೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಸೇರಿಸಿಕೊಂಡೇ ಓದಿ. ಹಾಗೆಯೇ ನೆಲದಲ್ಲಿ ಮಲಗುವವರಿಗೆ ಬೇಕಾದಷ್ಟು ಅಗಲ ಜೋಲಿಗೆ ಬೇಡ, ಪಕ್ಕದ ಬಟ್ಟೆಯೇ ಗಾಳಿ ತಡೆಯುತ್ತದೆ. ಅಲ್ಲಿ ಐವತ್ತು ಅರವತ್ತು ಗ್ರಾಂ ಉಳಿಸಬಹುದು.

950 ಈಗ ಸೋಫಾದ ಮೇಲಿದೆ, ಮಗಳು ಅದರಲ್ಲಿ ಕಾಲು ತೂರಿಸಿಕೊಂಡು ಹೋಂವರ್ಕ್ ಮಾಡುತ್ತಾಳೆ. ಏಪೆಕ್ಸ್ ಮಳೆಗಾಲದ ನಡಿಗೆಗೆಂದು ಕಪಾಟಿನಲ್ಲಿದೆ. ಕಳೆದ ವಾರ ಹೊಸದಕ್ಕೆ ಅಳತೆ ಕೊಟ್ಟೆ: 850 ಬಾತುಕೋಳಿ, ಉದ್ದಕ್ಕೆ ಖಾನೆ, ಚೀಲದಂತೆ ಹೊಲಿದ ಕಾಲಿನ ಭಾಗ, ಅಗಲ ನಾಲ್ಕು ಇಂಚು ಕಡಿಮೆ, ತುಪ್ಪುಳ ಎರಡು ಔನ್ಸ್ ಜಾಸ್ತಿ. ಬಣ್ಣ ಯಾವುದು ಎಂದು ಕೇಳಿದರು. ಇಳಕಲ್ ಸೀರೆಯ ದಡಿಯ ಕೆಂಪು ಅವರ ಪಟ್ಟಿಯಲ್ಲಿ ಇರಲಿಲ್ಲ, ಇಟ್ಟಿಗೆ ಬಣ್ಣಕ್ಕೆ ಒಪ್ಪಿಕೊಂಡೆ.