ಮಿಯಾಟಾಗೆ ಹೈ ಕಂಪ್ರೆಶನ್ ಪಿಸ್ಟನ್ನಾ, ಟರ್ಬೋನಾ?

ಅಮೆರಿಕದ ಡೆನ್ವರ್‌ನಲ್ಲಿ ನನ್ನ ಹತ್ತಿರ 1994ರ ಮಜ್ದಾ ಮಿಯಾಟಾ ಇದೆ, ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಗೆಳೆಯನದ್ದೂ ಅದೇ ಕಾರು, ಅದೇ ವರ್ಷ. 1.8 ಲೀಟರ್ ಎಂಜಿನ್, ಕಂಪನಿ ಲೆಕ್ಕದಲ್ಲಿ 128 ಎಚ್‌ಪಿ, ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ, ಪೆಟ್ರೋಲ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ) 9ಕ್ಕೆ 1. ಪವರ್ ಹೆಚ್ಚಿಸಲು ಅವನು ಎಂಜಿನ್ ಬಿಚ್ಚಿಸಿ 11ಕ್ಕೆ 1ರ ಪಿಸ್ಟನ್ ಹಾಕಿಸಿದ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿದ. ನಾನು ಒಳಗೆ ಕೈ ಹಾಕದೆ ಒಂದು ಸಣ್ಣ ಟರ್ಬೋ ಕೂರಿಸಿದೆ, ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್ ಅದು. ಬೂಸ್ಟ್, ಅಂದರೆ ಅದು ಕೊಡುವ ಹೆಚ್ಚುವರಿ ಒತ್ತಡ, ಅರ್ಧ ಬಾರ್ (ಸಮುದ್ರಮಟ್ಟದ ಗಾಳಿಯ ಒತ್ತಡದ ಸುಮಾರು ಅರ್ಧ). ಆಮೇಲೆ ಎರಡೂ ಕಾರನ್ನು ಅದಲು ಬದಲು ಮಾಡಿ ಸಾಕಷ್ಟು ಓಡಿಸಿದ್ದೇವೆ.

ಪಿಸ್ಟನ್ ಬಗ್ಗೆ ಯಾರೂ ಮೊದಲೇ ಹೇಳದ ಲೆಕ್ಕ ಒಂದಿದೆ. ಕಂಪ್ರೆಶನ್ 9ರಿಂದ 11ಕ್ಕೆ ಏರಿದರೆ ಎಂಜಿನ್ ದಕ್ಷತೆಯ ಸೂತ್ರದ ಪ್ರಕಾರವೇ ಸಿಗುವುದು ಶೇ. 5ರಷ್ಟು. ಅಂದರೆ ಆರೇಳು ಎಚ್‌ಪಿ. ಅದಕ್ಕಾಗಿ ಎಂಜಿನ್ ಇಳಿಸಬೇಕು, ಬೋರ್ ಮಾಡಿಸಬೇಕು, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಎಲ್ಲ ಹೊಸದು ಹಾಕಬೇಕು. ಗೆಳೆಯನ ಕಾರಿಗೆ ಮೇಲಿನ ಆರ್‌ಪಿಎಂನಲ್ಲಿ ಜೀವ ಬಂದಿದ್ದು ಕ್ಯಾಮ್‌ನಿಂದ. ಅಂಥ ಕ್ಯಾಮ್ ಹಾಕಿದರೆ ಕೆಳಗಡೆ ಎಂಜಿನ್ ಸಪ್ಪೆಯಾಗುತ್ತದೆ, ಆ ಕೊರತೆಯನ್ನು ಪಿಸ್ಟನ್ ತುಂಬಿಕೊಡುತ್ತದೆ. ಸುಮ್ನೆ ಪಿಸ್ಟನ್ ಒಂದನ್ನೇ ಹಾಕಿಸಿದರೆ ದುಡ್ಡು ದಂಡ.

ಆದರೆ ಓಡಿಸಲು ಅವನ ಕಾರೇ ಚೆಂದ, ಒಪ್ಪಿಕೊಳ್ಳಲೇಬೇಕು. ಕಾಲು ಎಷ್ಟು ಒತ್ತಿದರೆ ಅಷ್ಟೇ ಎಳೆತ, ತಕ್ಷಣ. ತಿರುವಿನ ಮಧ್ಯದಲ್ಲಿ ನನ್ನ ಟರ್ಬೋ ಒಂದು ಕ್ಷಣ ಯೋಚಿಸಿ ಆಮೇಲೆ ನುಗ್ಗುತ್ತದೆ. ಹೈ ಪ್ಲೇನ್ಸ್ ರೇಸ್‌ವೇ ಟ್ರ್ಯಾಕಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಎತ್ತರದ ವಿಷಯ. ಡೆನ್ವರ್ ಇರುವುದು ಸುಮಾರು 1,600 ಮೀಟರ್ ಮೇಲೆ. ಗಾಳಿ ತೆಳು. 128 ಎಚ್‌ಪಿ ಅಂದಿದ್ದು ಇಲ್ಲಿ 106ರ ಆಸುಪಾಸಿಗೆ ಇಳಿಯುತ್ತದೆ. ಡೆನ್ವರ್‌ನ ಪಶ್ಚಿಮಕ್ಕಿರುವ ಐಸೆನ್‌ಹೋವರ್ ಸುರಂಗದ ಕಡೆಗೆ ಘಾಟಿ ಹತ್ತಿದರೆ ಎತ್ತರ 3,400 ಮೀಟರ್, ಎಚ್‌ಪಿ 85 ಉಳಿದರೆ ಹೆಚ್ಚು. ಅಲ್ಲಿ ಗೆಳೆಯನ ಕಾರು ಮೂರನೇ ಗೇರಿನಲ್ಲಿ ಕಿರುಚುತ್ತಾ ಹತ್ತುತ್ತದೆ. ನನ್ನದು ನಾಲ್ಕರಲ್ಲೇ ಆರಾಮಾಗಿ ಲಾರಿಗಳನ್ನು ದಾಟುತ್ತದೆ. ಹಾಗಂತ ಟರ್ಬೋಗೆ ಎತ್ತರ ತಟ್ಟುವುದಿಲ್ಲ ಅಂತಲ್ಲ. ಬೂಸ್ಟ್‌ಗೆ ಮಿತಿ ಹಾಕುವ ವೇಸ್ಟ್‌ಗೇಟ್ ಎಂಬ ಕವಾಟದ ಸ್ಪ್ರಿಂಗು ಹೊರಗಿನ ಗಾಳಿಯ ಮೇಲೆ ಅರ್ಧ ಬಾರ್ ಕೊಡುತ್ತದೆ, ಹೊರಗೇ ಕಡಿಮೆ ಇದ್ದರೆ ಒಟ್ಟೂ ಕಡಿಮೆಯೇ. ಆದರೂ ಸಮುದ್ರಮಟ್ಟದಲ್ಲಿ ಮಾಮೂಲಿ ಎಂಜಿನ್‌ಗೆ ಸಿಗುವುದಕ್ಕಿಂತ ಜಾಸ್ತಿ ಗಾಳಿಯೇ ಒಳಗೆ ಹೋಗುತ್ತದೆ.

ತೆಳು ಗಾಳಿಯಿಂದ ಅವನಿಗೂ ಒಂದು ಲಾಭ ಇದೆ. ಸಿಲಿಂಡರ್ ಒಳಗೆ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ಸಿಗುವ 91 ಆಕ್ಟೇನ್ ಪೆಟ್ರೋಲ್‌ನಲ್ಲೂ ನಾಕಿಂಗ್ (ಮಿಶ್ರಣ ತಾನಾಗೇ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ಇಲ್ಲ; ಆಕ್ಟೇನ್ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಅದನ್ನು ತಡೆಯುತ್ತದೆ. ಅದೇ ಕಾರನ್ನು ಸಮುದ್ರದ ದಡದ ಲಾಸ್ ಏಂಜಲೀಸ್‌ಗೆ ಇಳಿಸಿದರೆ ಇಗ್ನಿಶನ್ ಟೈಮಿಂಗ್ ಹಿಂದಕ್ಕೆ ತಂದು, ಅಂದರೆ ಕಿಡಿ ತುಸು ತಡವಾಗಿ ಹಾರುವಂತೆ ಮಾಡಿ ಓಡಿಸಬೇಕು.

ಟರ್ಬೋದ ತಲೆನೋವೆಲ್ಲ ಬಿಸಿಯದ್ದು. ಒಳಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕು, ದೊಡ್ಡ ರೇಡಿಯೇಟರ್ ಬೇಕು. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ನಟ್ಟುಗಳು ಬಿಸಿಗೆ ಸಡಿಲವಾಗುತ್ತವೆ, ಆಗಾಗ ಸ್ಪ್ಯಾನರ್ ಹಿಡಿಯಲೇಬೇಕು. ಹಳೇ ಕ್ಲಚ್ ಪ್ಲೇಟ್ ಸ್ಲಿಪ್ ಆಗಿ ಅದನ್ನೂ ಬದಲಿಸಿದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಇಂಜೆಕ್ಟರ್, ಟ್ಯೂನಿಂಗ್ ಸೇರಿಸಿದರೆ ಖರ್ಚು ಅವನದಕ್ಕಿಂತ ತೀರಾ ಕಡಿಮೆಯೇನಲ್ಲ. ಬೂಸ್ಟ್ ಆಸೆ ಜಾಸ್ತಿಯಾದರೆ ಕನೆಕ್ಟಿಂಗ್ ರಾಡ್ ಬಾಗುವ ಭಯ ಬೇರೆ.

ನನ್ನ ಓಟು, ಬೆಟ್ಟದ ರಸ್ತೆಗೆ ಟರ್ಬೋ. ರಿಂಗು ಸವೆದು ಎಂಜಿನ್ ಹೇಗೂ ಬಿಚ್ಚಬೇಕಾಗಿದ್ದು, ಓಡಿಸುವುದು ಟ್ರ್ಯಾಕಿನಲ್ಲೇ ಜಾಸ್ತಿ ಅಂದರೆ ಪಿಸ್ಟನ್, ಕ್ಯಾಮ್ ಜೋಡಿ. ಎರಡನ್ನೂ ಬೆರೆಸುವುದು ಮಾತ್ರ ಕಷ್ಟ, ಒತ್ತಡ ವಿಪರೀತವಾಗಿ ನಾಕಿಂಗ್ ಕಾಟ ಜಾಸ್ತಿ. ಮಜ್ದಾದವರೇ 2004ರಲ್ಲಿ ಟರ್ಬೋ ಮಿಯಾಟಾ ತಂದಾಗ ಕಂಪ್ರೆಶನ್ ಅನ್ನು 9.5ರಲ್ಲೇ ಇಟ್ಟರು, 178 ಎಚ್‌ಪಿಗೆ ತೃಪ್ತಿಪಟ್ಟರು. ಗೆಳೆಯ ಈಗ ತನ್ನ 11ರ ಎಂಜಿನ್‌ಗೂ ಟರ್ಬೋ ಬೇಕು ಅನ್ನುತ್ತಿದ್ದಾನೆ. ಮನೆ ಹತ್ತಿರ ನಾಕಿಂಗ್ ಚೆನ್ನಾಗಿ ತಡೆಯುವ ಇ85 (ಎಥೆನಾಲ್ ಹೆಚ್ಚಿರುವ ಇಂಧನ) ಸಿಗುವ ಬಂಕ್ ಇದ್ದರೆ ಮಾತ್ರ ಯೋಚಿಸು ಮಾರಾಯ ಅಂದಿದ್ದೇನೆ.