ಸೆಂಟ್ರಲ್ ಲೈನ್ ಫ್ಲಶ್‌ಗೆ ಸಲೈನೋ ಹೆಪಾರಿನ್ನೋ: ನನ್ನ ಒಲವು ಸಲೈನ್ ಕಡೆಗೆ

ಔಷಧ ಕೊಡಲು ದೊಡ್ಡ ರಕ್ತನಾಳದೊಳಗೆ ಇಡುವ ಕೊಳವೆಯೇ ಸೆಂಟ್ರಲ್ ಲೈನ್. ಅದು ಕಟ್ಟಿಕೊಳ್ಳದಂತೆ ದ್ರವ ಹಾಯಿಸುವುದು ಫ್ಲಶ್. ಅದಕ್ಕೆ ಉಪ್ಪುನೀರಿನ ದ್ರಾವಣವಾದ ಸಲೈನ್ ಸಾಕೋ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕೋ ಎಂಬುದು ಪ್ರಶ್ನೆ. ಕ್ಯಾನ್ಸರ್ ಡೇ ಕೇರ್ ವಾರ್ಡಿನಲ್ಲಿ ಪಿಕ್ ಲೈನ್ (ತೋಳಿನಿಂದ ಹಾಕುವ ಸೆಂಟ್ರಲ್ ಲೈನ್) ಮತ್ತು ಚರ್ಮದಡಿ ಇರಿಸುವ ಕೀಮೋ ಪೋರ್ಟ್‌ಗಳನ್ನು ನೋಡಿಕೊಳ್ಳುವ ಶುಶ್ರೂಷಕಿಯಾಗಿ ನಾನು ಎರಡನ್ನೂ ಬಳಸಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಪ್ರತಿ ಲೈನಿಗೂ ಹೆಪ್‌ಲಾಕ್ ಹಾಕಿಯೇ, ಅಂದರೆ ಒಳಗೆ ಹೆಪಾರಿನ್ ತುಂಬಿಟ್ಟೇ, ಮುಚ್ಚುವ ಪದ್ಧತಿಯಿತ್ತು. ಈಗಿರುವಲ್ಲಿ ಬರೀ ನಾರ್ಮಲ್ ಸಲೈನ್. ನನ್ನ ಒಲವು ಸಲೈನ್ ಕಡೆಗೆ. ಹೆಪಾರಿನ್ ಕೆಟ್ಟ ಔಷಧವೆಂದು ಹೀಗೆ ಹೇಳುತ್ತಿಲ್ಲ. ಫ್ಲಶ್‌ಗಾಗಿ ಅದನ್ನು ಸಿದ್ಧಪಡಿಸಬೇಕಾದ ರೀತಿಯೇ ನನ್ನನ್ನು ಕಾಡಿದ್ದು.

ಲೈನ್ ಮುಚ್ಚಲು ಬೇಕಾಗುವುದು ಮಿಲಿಗೆ 10 ಅಥವಾ 100 ಯೂನಿಟ್‌ನಷ್ಟು ತೆಳುವಾದ ಹೆಪಾರಿನ್. ನಮಗೆ ಔಷಧಾಲಯದಿಂದ ಬರುತ್ತಿದ್ದುದು 5 ಮಿಲಿಯ ಎರಡು ಬಗೆಯ ವಯಲ್‌ಗಳು: ಒಂದರಲ್ಲಿ ಒಟ್ಟು 5000 ಯೂನಿಟ್, ಇನ್ನೊಂದರಲ್ಲಿ 25000. ಮೊದಲನೆಯದರಲ್ಲಿ ಮಿಲಿಗೆ 1000 ಯೂನಿಟ್ ಇದ್ದರೆ ಎರಡನೆಯದರಲ್ಲಿ ಮಿಲಿಗೆ 5000 ಇರುತ್ತದೆ. ಹೀಗಾಗಿ ಯಾರಾದರೂ ಬರೀ ‘ಐದು ಸಾವಿರದ ವಯಲ್’ ಎಂದರೆ ಅದು ಇಡೀ ವಯಲಿನ ಲೆಕ್ಕವೋ ಒಂದು ಮಿಲಿಯ ಲೆಕ್ಕವೋ ಎಂಬುದು ಕೇಳಿದವರಿಗೆ ತಿಳಿಯುವುದಿಲ್ಲ. ಮೊದಲ ಬಗೆಯಿಂದ 1 ಮಿಲಿ ಎಳೆದು 9 ಮಿಲಿ ಸಲೈನ್ ಬೆರೆಸಿದರೆ ಮಿಲಿಗೆ 100 ಯೂನಿಟ್ ಸಿಗುತ್ತದೆ. ಅದೇ ಅಭ್ಯಾಸದಲ್ಲಿ ಎರಡನೆಯ ವಯಲನ್ನು ಕೈಗೆತ್ತಿಕೊಂಡರೆ 500 ಆಗುತ್ತದೆ, ಮತ್ತು ಬಣ್ಣವಿಲ್ಲದ ಆ ದ್ರವವನ್ನು ನೋಡಿ ವ್ಯತ್ಯಾಸ ಹಿಡಿಯಲು ಸಾಧ್ಯವೇ ಇಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವಾಗ ಎರಡನೆಯ ಕಣ್ಣಿನ ಪರಿಶೀಲನೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಇದು ಕೇವಲ ನನ್ನ ಭಯವಲ್ಲ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಿಲಿಗೆ 10 ಯೂನಿಟ್‌ನ ವಯಲ್ ಇರಬೇಕಾದ ಜಾಗದಲ್ಲಿ 10,000 ಯೂನಿಟ್‌ನದ್ದು ಸೇರಿಕೊಂಡು, ಅದರಿಂದಲೇ ಫ್ಲಶ್ ಮಾಡಿದ್ದರಿಂದ ಮೂರು ನವಜಾತ ಶಿಶುಗಳು ತೀರಿಕೊಂಡವು. ನನ್ನ ಹಿಂದಿನ ಆಸ್ಪತ್ರೆಯಲ್ಲಿ ಇನ್ನೊಂದು ತೊಂದರೆಯೂ ಇತ್ತು: ಪ್ರತಿ ಸಲ ಬೆರೆಸುವ ಶ್ರಮ ತಪ್ಪಿಸಲು 500 ಮಿಲಿಯ ಸಲೈನ್ ಬಾಟಲಿಗೆ ಹೆಪಾರಿನ್ ಹಾಕಿಟ್ಟು, ಇಡೀ ದಿನ ಎಲ್ಲ ರೋಗಿಗಳಿಗೂ ಅದರಿಂದಲೇ ಎಳೆಯುತ್ತಿದ್ದರು. ಕೀಮೋ ಪಡೆದು ಬಿಳಿ ರಕ್ತಕಣ ಕುಸಿದವರ ನೇರ ರಕ್ತಪ್ರವಾಹಕ್ಕೆ ಹೋಗುವ ದ್ರವ ಅದು. ಹತ್ತಾರು ಸಲ ಸೂಜಿ ಚುಚ್ಚಿದ ಬಾಟಲಿಯಿಂದ ಅದನ್ನು ಕೊಡುವುದನ್ನು ನಾನು ಒಪ್ಪಲಾರೆ.

ಇಷ್ಟೆಲ್ಲ ಪಾಡುಪಟ್ಟರೂ ಲೈನ್ ಬ್ಲಾಕ್ ಆಗುವುದು ಬಹಳವಾಗಿ ತಪ್ಪುತ್ತದೆಯೇ ಎಂದರೆ, ಅದೂ ಇಲ್ಲ. ಬೆಲ್ಜಿಯಂನಲ್ಲಿ ಪೋರ್ಟ್ ಇರುವ 802 ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ರವ ಒಳಹೋದರೂ ರಕ್ತ ಹಿಂದೆ ಬಾರದ ತೊಂದರೆ ಸಲೈನ್ ಗುಂಪಿನಲ್ಲಿ ಶೇ. 3.70ರಷ್ಟು, ಹೆಪಾರಿನ್ ಗುಂಪಿನಲ್ಲಿ ಶೇ. 3.92ರಷ್ಟು ಕಂಡುಬಂತು. ವಯಸ್ಕರ ಕ್ಯಾಥೆಟರ್‌ಗಳ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆ ಹೆಪಾರಿನ್‌ಗೆ ಒಂದಿಷ್ಟು ಲಾಭವಿರಬಹುದೆಂದು ಹೇಳುತ್ತದೆಯಾದರೂ ಆಧಾರಗಳು ಬಲವಾಗಿಲ್ಲವೆಂದೂ ಒಪ್ಪಿಕೊಳ್ಳುತ್ತದೆ. ಆಗಲೇ ಕಟ್ಟಿಕೊಂಡ ಗಡ್ಡೆಯನ್ನಂತೂ ಹೆಪಾರಿನ್ ಕರಗಿಸುವುದಿಲ್ಲ. ಅದಕ್ಕೆ ಯುರೋಕೈನೇಸ್ ಅಥವಾ ಆಲ್ಟಿಪ್ಲೇಸ್ ಬೇಕು.

ಹೆಪಾರಿನ್‌ನಿಂದ ಅಪರೂಪಕ್ಕೆ, ಸಾಮಾನ್ಯವಾಗಿ 5ರಿಂದ 10 ದಿನಗಳಲ್ಲಿ, ಪ್ಲೇಟ್‌ಲೆಟ್ ಕುಸಿದು ರಕ್ತ ಹೆಪ್ಪುಗಟ್ಟುವ ಪ್ರತಿಕ್ರಿಯೆಯೂ ಆಗಬಹುದು. ಫ್ಲಶ್‌ನ ಸಣ್ಣ ಪ್ರಮಾಣವೂ ಅದಕ್ಕೆ ಸಾಕಾಗಬಹುದು. ನಮ್ಮ ರೋಗಿಗಳಲ್ಲಿ ಕೀಮೋದಿಂದಲೇ ಪ್ಲೇಟ್‌ಲೆಟ್ ಇಳಿಯುವುದರಿಂದ ಈ ಪ್ರತಿಕ್ರಿಯೆ ಅದರ ಮರೆಯಲ್ಲಿ ಅಡಗಿಬಿಡುವ ಸಾಧ್ಯತೆ ನನಗೆ ಹೆಚ್ಚು ಆತಂಕ ತರುತ್ತದೆ.

ಹೆಪಾರಿನ್ ಹಾಕಿದ ಲೈನಿನಿಂದ ರಕ್ತ ತೆಗೆದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಎಪಿಟಿಟಿ ಪರೀಕ್ಷೆಯ ವರದಿ ಸುಳ್ಳಾಗಿ ಏರಬಹುದು.

ಸಲೈನ್ ಗೆಲ್ಲುವುದು ಮಾಡುವ ಕೈಯಲ್ಲಿ ಶಿಸ್ತಿದ್ದರೆ ಮಾತ್ರ. ಸಣ್ಣ ಸಿರಿಂಜ್ ಹೆಚ್ಚು ಒತ್ತಡ ಹಾಕುವುದರಿಂದ ನಾನು 10 ಮಿಲಿಯದ್ದನ್ನೇ ಹಿಡಿಯುತ್ತೇನೆ. ಒಂದೇ ಸಮನೆ ತಳ್ಳದೆ ಒತ್ತಿ, ನಿಲ್ಲಿಸಿ, ಮತ್ತೆ ಒತ್ತುತ್ತೇನೆ. ರಕ್ತ ತೆಗೆದ ಅಥವಾ ಕೊಟ್ಟ ನಂತರ 20 ಮಿಲಿ ಹಾಕುತ್ತೇನೆ. ನಮ್ಮಲ್ಲಿರುವ ಲೈನ್‌ಗಳಲ್ಲಿ ಕೊನೆಯ ಅರ್ಧ ಮಿಲಿ ಒಳಹೋಗುತ್ತಿರುವಾಗಲೇ ಕ್ಲ್ಯಾಂಪ್ ಹಾಕುತ್ತೇನೆ. ನಾನು ನೋಡಿದ ಬ್ಲಾಕ್‌ಗಳಲ್ಲಿ ಹೆಚ್ಚಿನವು ಔಷಧ ಮುಗಿದ ಮೇಲೆ ಫ್ಲಶ್ ತಡವಾಗಿದ್ದರಿಂದ ಆದವು, ದ್ರವದ ಆಯ್ಕೆಯಿಂದಲ್ಲ.

ಖರ್ಚಿನ ವಿಷಯದಲ್ಲಿ, ಮೊದಲೇ ತುಂಬಿ ಬರುವ ಸಲೈನ್ ಸಿರಿಂಜ್ ಅತ್ಯಂತ ಅನುಕೂಲಕರ, ಆದರೆ ಬಿಲ್ಲನ್ನು ಕೈಯಿಂದ ಕಟ್ಟುವ ಕುಟುಂಬಗಳಿಗೆ ದುಬಾರಿ. 10 ಮಿಲಿಯ ಸಲೈನ್ ಆಂಪ್ಯೂಲ್ ಮತ್ತು ಸಿರಿಂಜ್ ಸಾಕೆಂಬುದು ನನ್ನ ಅನುಭವ. ಒಮ್ಮೆ ಒಡೆದದ್ದು ಒಬ್ಬರಿಗೇ, ಒಂದೇ ಸಲಕ್ಕೆ.

ಡಯಾಲಿಸಿಸ್ ಕ್ಯಾಥೆಟರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಮಿಲಿಗೆ 1000 ಯೂನಿಟ್ ಅಥವಾ ಅದಕ್ಕೂ ಗಟ್ಟಿಯಾದ ಹೆಪಾರಿನ್ ಲಾಕ್ ಬಳಕೆಯಲ್ಲಿದೆ, ಮತ್ತೆ ಲೈನ್ ಬಳಸುವ ಮೊದಲು ಅದನ್ನು ಹೊರಗೆಳೆದು ಚೆಲ್ಲಲೇಬೇಕು. ಪೋರ್ಟ್ ತಯಾರಕರು ಹೆಪಾರಿನ್ ಸೂಚಿಸಿದ್ದರೆ ವೈದ್ಯರನ್ನು ಕೇಳಿಯೇ ಬದಲಾಯಿಸಬೇಕು. ಪಿಕ್ ಲೈನ್ ಇಟ್ಟುಕೊಂಡು ಊರಿಗೆ ಹೋಗುವವರು ವಾರದ ಫ್ಲಶ್ಶನ್ನು ಹತ್ತಿರದ ದವಾಖಾನೆಯಲ್ಲಿ ಮಾಡಿಸಿಕೊಳ್ಳಬೇಕಾಗುತ್ತದೆ. ವೈದ್ಯರ ಒಪ್ಪಿಗೆ ಪಡೆದು ನಾನು ಅವರ ಚೀಟಿಯಲ್ಲಿ ‘ಸಲೈನ್ 10 ಮಿಲಿ, ಹೆಪಾರಿನ್ ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದು, ಆಂಪ್ಯೂಲ್‌ಗಳನ್ನು ಇಲ್ಲಿಂದಲೇ ಕೊಂಡು ಹೋಗಲು ಹೇಳುತ್ತೇನೆ.