ಲವಂಗದ ಎಣ್ಣೆ: ಒಂದು ರಾತ್ರಿ ಕಳೆಯಕ್ಕೆ ಓಕೆ, ಕೊಯ್ಲು ಮುಗಿಯೋ ತನಕ ಅಲ್ಲ

ಪ್ರಾಡಕ್ಟು ಲವಂಗದ ಎಣ್ಣೆ, ಸಣ್ಣ ಗಾಜಿನ ಬಾಟ್ಲಿ. ತಗೊಂಡಿದ್ದು ಶಿವಮೊಗ್ಗ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡೀಲಿ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳ್ತೀನಿ.

ಇದಕ್ಕೆ ಜನ ಬರೆಯೋ ರಿವ್ಯೂ ಎರಡೇ ಥರ ಇರತ್ತೆ. ಒಂದು "ಸೂಪರ್, ಹಚ್ಚಿದ ತಕ್ಷಣ ನೋವು ಮಾಯ", ಇನ್ನೊಂದು "ಬಾಯೆಲ್ಲ ಸುಟ್ಟೋಯ್ತು, ದುಡ್ಡು ದಂಡ". ಎರಡೂ ಸುಳ್ಳಲ್ಲ ಮಾರಾಯ್ರೆ. ಆದ್ರೆ ತೀರ್ಥಹಳ್ಳಿ ಆಚೆ ತೋಟದ ಮನೇಲಿ ಕೂತ್ಕೊಂಡು, ಮಳೇಲಿ ಕರೆಂಟ್ ಹೋಗಿ, ರಾತ್ರಿ ಒಂದು ಗಂಟೆಗೆ ದವಡೆ ಹಲ್ಲು ಹಿಡ್ಕೊಂಡು ಒದ್ದಾಡೋರಿಗೆ ಈ ಎರಡೂ ರಿವ್ಯೂ ಉಪಯೋಗ ಇಲ್ಲ. ಅವರಿಗೆ ಬೇಕಾಗಿರೋದು ಇದನ್ನ ಹಚ್ಕೊಂಡು ಬೆಳಗಾಗೋ ತನಕ ಕಾಯಬಹುದಾ ಅಥವಾ ಈಗಲೇ ಗಾಡಿ ಸ್ಟಾರ್ಟ್ ಮಾಡ್ಬೇಕಾ ಅನ್ನೋದು. ನಾನು ಅದನ್ನೇ ಬರೀತೀನಿ.

ಮೊದ್ಲು ಎಣ್ಣೆ ವಿಷಯ. ಇದರಲ್ಲಿ ಕೆಲಸ ಮಾಡೋದು ಯೂಜಿನಾಲ್ ಅನ್ನೋ ಅಂಶ, ಎಣ್ಣೇಲಿ ಬಹುಪಾಲು ಅದೇ ಇರೋದು. ಅದು ನರಾನ ಸ್ವಲ್ಪ ಹೊತ್ತು ಮರಗಟ್ಟಿಸತ್ತೆ, ಅಷ್ಟೇ. ಹಲ್ಲಿನ ಡಾಕ್ಟ್ರ ರೂಮಿಗೆ ಕಾಲಿಟ್ಟ ತಕ್ಷಣ ಒಂದು ವಾಸನೆ ಬರತ್ತಲ್ಲ, ಅದು ಇದೇ ಸ್ವಾಮಿ. ಅವರು ಜಿಂಕ್ ಆಕ್ಸೈಡ್ ಪುಡಿಗೆ ಯೂಜಿನಾಲ್ ಕಲಸಿ ಟೆಂಪರರಿ ಫಿಲ್ಲಿಂಗ್ ಹಾಕ್ತಾರೆ. ಹಾಗಾಗಿ ಇದನ್ನ ಅಜ್ಜಿ ಮದ್ದು ಅಂತ ಯಾರಾದ್ರೂ ಗೇಲಿ ಮಾಡಿದ್ರೆ ಸುಮ್ನಿರಿ ಅನ್ನಿ.

ಅಸಲಿ ಎಣ್ಣೆ ಹೌದೋ ಅಲ್ವೋ ನೋಡಕ್ಕೆ ಒಂದು ಉಪಾಯ ಇದೆ. ಗಾಜಿನ ಲೋಟದಲ್ಲಿ ನೀರು ಹಾಕಿ ಒಂದು ಹನಿ ಬಿಡಿ. ಲವಂಗದ ಎಣ್ಣೆ ನೀರಿಗಿಂತ ಭಾರ, ಹಾಗಾಗಿ ಮುತ್ತಿನ ಥರ ಉಂಡೆ ಕಟ್ಕೊಂಡು ನಿಧಾನ ತಳಕ್ಕೆ ಇಳಿಯತ್ತೆ. ಬೇರೆ ಅಡುಗೆ ಎಣ್ಣೆ ಜಾಸ್ತಿ ಬೆರೆಸಿದ್ರೆ ಮೇಲೇ ತೇಲತ್ತೆ. ನಾನು ತಂದಿದ್ದು ಮುಳುಗ್ತು, ಅದಕ್ಕೇ ಅಂಗಡಿಯವರ ಮೇಲೆ ನಂಬಿಕೆ ಬಂತು. ಬೆಲೆ ನೂರರ ಆಸುಪಾಸು, ಒಂದು ಮನೆಗೆ ವರ್ಷಗಟ್ಲೆ ಬರತ್ತೆ. ಪ್ಲಾಸ್ಟಿಕ್ ಬಾಟ್ಲಿದು ತಗೋಬೇಡಿ, ಗಾಜಿಂದೇ ತಗೊಳ್ಳಿ.

ಹಚ್ಚೋ ರೀತೀಲೇ ಎಲ್ಲರೂ ಎಡವೋದು. ಬಾಟ್ಲಿ ಬಗ್ಗಿಸಿ ಸೀದಾ ಹಲ್ಲಿಗೆ ಸುರ್ಕೊಂಡ್ರೆ ಒಸಡು, ನಾಲಿಗೆ, ಕೆನ್ನೆ ಒಳಗೆಲ್ಲ ಬೆಳ್ಳಗೆ ಚರ್ಮ ಎದ್ದು ಬರತ್ತೆ, ಆಮೇಲೆ ಹಲ್ಲುನೋವಿನ ಜೊತೆ ಬಾಯಿಹುಣ್ಣೂ ಫ್ರೀ. ಒಂದು ಚಮಚ ಕೊಬ್ಬರಿ ಎಣ್ಣೇಲಿ ಎರಡು ಮೂರು ಹನಿ ಇದನ್ನ ಬೆರೆಸಿ, ಜೋಳದ ಕಾಳಿನಷ್ಟು ಹತ್ತಿ ಅದ್ದಿ, ಚೆನ್ನಾಗಿ ಹಿಂಡಿ, ಹುಳುಕಿನ ತೂತಿಗೆ ಮಾತ್ರ ಇಡಬೇಕು, ಒಸಡಿಗೆ ತಾಗದ ಹಾಗೆ. ಹತ್ತು ನಿಮಿಷ ಬಿಟ್ಟು ತೆಗೀರಿ. ಅದಕ್ಕೂ ಮುಂಚೆ ಉಗುರು ಬೆಚ್ಚಗಿನ ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಿ, ದಾರದಲ್ಲಿ ಹಲ್ಲಿನ ಸಂದಿ ತೆಗೀರಿ, ಎಷ್ಟೋ ಸಲ ಸಿಕ್ಕಿ ಹಾಕ್ಕೊಂಡ ಮಾವಿನ ನಾರೋ ಮಾಂಸದ ಚೂರೋ ಈಚೆ ಬಂದ್ರೆ ಅರ್ಧ ನೋವು ಅಲ್ಲೇ ಇಳಿಯತ್ತೆ. ಮಲಗೋವಾಗ ಎರಡು ದಿಂಬು ಇಟ್ಕೊಳ್ಳಿ, ಚಪ್ಪಟೆ ಮಲಗಿದ್ರೆ ತಲೆ ಕಡೆಗೆ ರಕ್ತದ ಒತ್ತಡ ಜಾಸ್ತಿಯಾಗಿ ಹಲ್ಲು ಢಣ್ ಢಣ್ ಅಂತ ಬಡಿಯತ್ತೆ, ರಾತ್ರಿ ಹೊತ್ತೇ ಹಲ್ಲುನೋವು ಜೋರಾಗಕ್ಕೆ ಅದೂ ಒಂದು ಕಾರಣ.

ತಲೆನೋವಿನ ಮಾತ್ರೆ ಪುಡಿ ಮಾಡಿ ಹಲ್ಲಿಗೆ ತುಂಬೋದು, ಹೊಗೆಸೊಪ್ಪು ಒತ್ತಿ ಇಡೋದು, ನೆಲಗುಳ್ಳದ ಬೀಜ ಸುಟ್ಟು ಹೊಗೆ ತಗೊಂಡು "ಹುಳ ಬಿತ್ತು" ಅನ್ನೋದು, ಇದೆಲ್ಲ ನಮ್ಮ ಕಡೆ ಇನ್ನೂ ನಡೀತಿದೆ. ಹಲ್ಲಲ್ಲಿ ಹುಳನೇ ಇರಲ್ಲ. ಸಿಹಿ ತಿಂದಾಗ ಬಾಯಲ್ಲಿರೋ ಬ್ಯಾಕ್ಟೀರಿಯಾ ಬಿಡೋ ಆಮ್ಲ ಹಲ್ಲನ್ನ ಕೊರೀತದೆ ಅಷ್ಟೇ. ಆಸ್ಪಿರಿನ್ ಮಾತ್ರೆಯಂತೂ ಒಸಡಿನ ಮೇಲೆ ಇಟ್ರೆ ಸುಡತ್ತೆ, ನುಂಗಿದ್ರೆ ಮಾತ್ರ ಕೆಲಸ.

ಇನ್ನು ಈ ಎಣ್ಣೇಲಿ ನಂಗೆ ಕಂಡ ದೊಡ್ಡ ತೊಂದ್ರೆ ಏನಂದ್ರೆ, ಇದು ಚೆನ್ನಾಗಿ ಕೆಲಸ ಮಾಡತ್ತೆ. ಅದೇ ತೊಂದ್ರೆ.

ನಮ್ಮ ಚಿಕ್ಕಪ್ಪನ್ನೇ ನೋಡಿ. ಕೆಳಗಿನ ಕೊನೇ ದವಡೆ ಹಲ್ಲು, ಬಿಸಿ ಕಾಫಿ ಕುಡಿದ್ರೆ ಜೀವ ಹೋಗೋದು, ತಣ್ಣೀರು ಬಾಯಲ್ಲಿ ಇಟ್ಕೊಂಡ್ರೆ ಆರಾಮ. ಹಲ್ಲಿನ ಡಾಕ್ಟ್ರು ಕೇಳಿದ್ರೆ ಇಷ್ಟಕ್ಕೇ ಹೇಳ್ತಿದ್ರು, ಒಳಗಿನ ನರ ಉಳಿಯೋ ಸ್ಥಿತೀಲಿ ಇಲ್ಲ, ರೂಟ್ ಕೆನಾಲ್ ಅಥವಾ ಕೀಳೋದು ಅಂತ. ಅಡಿಕೆ ಕೊಯ್ಲು ಶುರುವಾಗಿತ್ತು, ಮರ ಹತ್ತಿ ಅಡಿಕೆ ಗೊನೆ ಇಳಿಸೋ ಕೊನೆಗಾರ ಸಿಕ್ಕಿದ್ದೇ ಪುಣ್ಯ, ಸುಲಿಯೋ ಜನ ಅಂಗಳದಲ್ಲಿ, ಹಂಡೇಲಿ ಅಡಿಕೆ ಬೇಯ್ತಾ ಇದೆ. "ಚಿಕ್ಕಪ್ಪ, ಶಿವಮೊಗ್ಗಕ್ಕೆ ಹೋಗಿ ಬರಾಣ ಬನ್ನಿ" ಅಂದ್ರೆ "ಎಂತ ಇಲ್ಲ ಮಾರಾಯ, ಎಣ್ಣೆ ಇಟ್ಟಿದೀನಿ, ಕೊಯ್ಲು ಮುಗೀಲಿ". ಸ್ವಲ್ಪ ದಿನ ಆದ್ಮೇಲೆ ನೋವು ಪೂರ್ತಿ ನಿಂತೇ ಹೋಯ್ತು. ಎಣ್ಣೆಗೆ ಜೈಕಾರ. ಚಿಕ್ಕಮ್ಮ ಊರೆಲ್ಲ ಹೇಳ್ಕೊಂಡು ಬಂದ್ರು.

ವಾಸಿ ಆಗಿದ್ದಲ್ಲ ಅದು, ನರ ಸತ್ತಿದ್ದು. ಜೋರು ನೋವಿದ್ದ ಹಲ್ಲು ಚಿಕಿತ್ಸೆ ಇಲ್ದೆ ತಾನಾಗೇ ಸುಮ್ನಾದ್ರೆ ಖುಷಿ ಪಡೋದಲ್ಲ, ಹೆದರ್ಕೋಬೇಕು. ಸತ್ತ ನರದ ಕೊಳೆ ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿದು ಅಲ್ಲಿ ಕೀವು ಕಟ್ಟಕ್ಕೆ ಶುರು ಆಗತ್ತೆ, ಅದೂ ಚಿಕ್ಕಪ್ಪಂಗೆ ಸಕ್ಕರೆ ಕಾಯಿಲೆ ಬೇರೆ ಇತ್ತು, ಸೋಂಕು ಹಬ್ಬಕ್ಕೆ ಇನ್ನೇನು ಬೇಕು. ಮಧ್ಯದಲ್ಲಿ ಒಂದು ಮೆಡಿಕಲ್ ಶಾಪಲ್ಲಿ ಚೀಟಿ ಗೀಟಿ ಕೇಳ್ದೆ ಯಾವ್ದೋ ಆಂಟಿಬಯಾಟಿಕ್ ನಾಲ್ಕು ಮಾತ್ರೆ ಹರ್ದು ಕೊಟ್ಟಿದ್ರು. ಹಲ್ಲಿನೊಳಗಿನ ಮೂಲ ಹಾಗೇ ಇರೋವಾಗ ಆಂಟಿಬಯಾಟಿಕ್ ಎಷ್ಟು ನುಂಗಿದ್ರೂ ಬಾವು ಸ್ವಲ್ಪ ಇಳಿದು ಮತ್ತೆ ಏರತ್ತೆ, ಅದನ್ನ ತೆರೆದು ಕೀವು ತೆಗೀಲೇಬೇಕು.

ಒಂದು ಸಂಜೆ ಕೆನ್ನೆ ಕೆಳಗೆ ಗಟ್ಟಿ ಗಂಟು. ರಾತ್ರಿ ಊಟಕ್ಕೆ ಕರೆದ್ರೆ ಬರ್ಲಿಲ್ಲ, ಬಾಯಿಗೆ ಒಂದೇ ಬೆರಳು ಹಿಡಿಯೋಷ್ಟು ಜಾಗ, ಅದಕ್ಕಿಂತ ತೆಗಿಯಕ್ಕೆ ಆಗ್ತಿಲ್ಲ. ಕವಳ, ಅಂದ್ರೆ ಎಲೆ ಅಡಿಕೆ, ಹಾಕಿ ಹಾಕಿ ಬಾಯಿ ಬಿಗಿದಿರೋರು ನಮ್ಮ ಕಡೆ ಬೇಕಾದಷ್ಟು ಇದಾರೆ, ಅದೇ ಇರಬಹುದು ಅಂತ ಮನೆಯವ್ರು ಅಂದ್ಕೊಂಡ್ರು. ಆದ್ರೆ ಅಡಿಕೆಯಿಂದ ಬಾಯಿ ಬಿಗಿಯೋದು ವರ್ಷಗಟ್ಲೆ ಹಿಡಿಯತ್ತೆ, ಎರಡು ದಿನದಲ್ಲಿ ಬಿಗಿದ್ರೆ ಅದು ಸೋಂಕು. ಗಲ್ಲದ ಕೆಳಗೆ ಮುಟ್ಟಿದ್ರೆ ಹಲಗೆ ಮುಟ್ಟಿದ ಹಾಗೆ ಗಟ್ಟಿ, ನಾಲಿಗೆ ಮೇಲಕ್ಕೆ ಎತ್ತಿದ ಹಾಗೆ ಆಗಿ ಮಾತು ತೊದಲ್ತಿತ್ತು, ಉಗುಳು ನುಂಗಕ್ಕಾಗ್ದೆ ಟವಲ್ಲಿಗೆ ಒರೆಸ್ಕೊಳ್ತಿದ್ರು. ಆ ಟವೆಲ್ ನೋಡಿದ್ದೇ ನೋಡಿದ್ದು, ಬೆಳಗಾಗೋದು ಕಾಯಲಿಲ್ಲ ನಾವು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಬರ್ಬೇಕು. ರಾತ್ರಿ ಹೊತ್ತು ಆ ತಿರುವುಗಳಲ್ಲಿ ಎಷ್ಟು ಜೋರು ಹೋಗ್ತೀರ ಹೇಳಿ. ಕಾರಲ್ಲಿ ಚಿಕ್ಕಪ್ಪನ್ನ ಮಲಗಿಸ್ಲಿಲ್ಲ, ಕೂರಿಸ್ಕೊಂಡೇ ಬಂದ್ವಿ, ಮಲಗಿದ್ರೆ ಉಸಿರು ಕಟ್ಟತ್ತೆ ಅಂತ ಫೋನಲ್ಲಿ ಡಾಕ್ಟ್ರು ಹೇಳಿದ್ರು. ಹಲ್ಲಿನ ಕ್ಲಿನಿಕ್ ಹುಡುಕೋ ಕೆಲಸ ಅಲ್ಲ ಇದು, ಸೀದಾ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗೋದು. ಅಡ್ಮಿಟ್ ಮಾಡ್ಕೊಂಡ್ರು, ರಕ್ತನಾಳಕ್ಕೆ ಔಷಧಿ ಹಾಕಿ, ಗಲ್ಲದ ಕೆಳಗೆ ಕೊಯ್ದು ಕೀವು ತೆಗೆದು, ಹಲ್ಲೂ ಕಿತ್ರು. ಈ ಥರ ಬಾಯಿ ತಳ ಪೂರ್ತಿ ಊದ್ಕೊಳ್ಳೋದಕ್ಕೆ ಲುಡ್ವಿಗ್ಸ್ ಆಂಜೈನಾ ಅಂತಾರೆ, 1836ರಲ್ಲಿ ಲುಡ್ವಿಗ್ ಅನ್ನೋ ಜರ್ಮನ್ ಡಾಕ್ಟ್ರು ವಿವರಿಸಿದ್ದು. ಹೆಸರಲ್ಲಿ ಆಂಜೈನಾ ಇದ್ರೂ ಹೃದಯಕ್ಕೂ ಇದಕ್ಕೂ ಸಂಬಂಧ ಇಲ್ಲ, ಹೆಚ್ಚಾಗಿ ಕೆಳಗಿನ ದವಡೆ ಹಲ್ಲಿಂದಾನೇ ಬರೋದು, ಶ್ವಾಸದ ದಾರಿ ಮುಚ್ಚಿ ಜೀವ ತೆಗೀತದೆ. ಚಿಕ್ಕಪ್ಪ ಈಗ ಆರಾಮ, ಕುತ್ತಿಗೇಲಿ ಒಂದು ಗೆರೆ ಉಳಿದಿದೆ, ಕೇಳಿದ್ರೆ ಅಡಿಕೆ ಮರ ಗೀಚಿದ್ದು ಅಂತಾರೆ.

ಹಾಗಾಗಿ ನನ್ನ ಲೆಕ್ಕ ಹೀಗೆ. ಬರೀ ನೋವು, ಬಾವು ಇಲ್ಲ, ಜ್ವರ ಇಲ್ಲ, ಬಾಯಿ ಸರಿಯಾಗಿ ತೆಗಿಯಕ್ಕೆ ಬರತ್ತೆ ಅಂದ್ರೆ ಎಣ್ಣೆ ಇಟ್ಟು, ಪ್ಯಾರಾಸಿಟಮಾಲ್ 650 ಒಂದು ನುಂಗಿ, ಬೆಳಗ್ಗೆ ಮೊದಲ ಬಸ್ಸು ಹತ್ತಿ. ಕೆನ್ನೆ ಊದಿದೆ ಅಂದ್ರೆ ಅವತ್ತೇ ತೋರಿಸಿ, ಊದಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಬಟ್ಟೇಲಿ ಐಸ್ ಸುತ್ತಿ ಹೊರಗಿಂದ ಇಡಿ. ಊತದ ಜೊತೆ ಜ್ವರ, ಊತ ಕಣ್ಣಿನ ಕಡೆಗೋ ಕುತ್ತಿಗೆ ಕಡೆಗೋ ಹೋಗ್ತಾ ಇರೋದು, ನುಂಗಕ್ಕೆ ಉಸಿರಾಡಕ್ಕೆ ಕಷ್ಟ, ಇದ್ರಲ್ಲಿ ಒಂದು ಕಂಡ್ರೂ ಗಡಿಯಾರ ನೋಡ್ಬೇಡಿ, ಗಾಡಿ ಇಲ್ಲ ಅಂದ್ರೆ 108. ಮತ್ತೆ ವಯಸ್ಸಾದೋರಿಗೆ ಹಲ್ಲು ಯಾವ್ದು ಅಂತ ತೋರಿಸಕ್ಕೇ ಆಗ್ದಂಗೆ ಕೆಳ ದವಡೆ ನೋವು, ಜೊತೆಗೆ ಬೆವರು, ಎದೆ ಭಾರ, ಎಡಗೈ ಜುಮು ಜುಮು ಅಂದ್ರೆ ಲವಂಗ ಹುಡುಕ್ತಾ ಕೂರಬೇಡಿ, ಅದು ಹಾರ್ಟು.

ಮಲೆನಾಡಿನೋರಿಗೆ ಮಾತ್ರ ಒಂದು ಮಾತು, ಬೇರೆ ಊರಿನ ಹಲ್ಲಿನ ವಿಡಿಯೋದಲ್ಲಿ ಯಾರೂ ಹೇಳಲ್ಲ. ಜೋರು ಜ್ವರ, ಮೈಕೈ ನೋವು, ಜೊತೆಗೆ ಒಸಡಲ್ಲಿ ರಕ್ತ ಅಂದ್ರೆ ಅದು ಹಲ್ಲಿನ ಕಾಯಿಲೆ ಅಲ್ಲದೇ ಇರಬಹುದು. ಡೆಂಗಿಲೂ ಹಾಗಾಗತ್ತೆ, ಮಂಗನ ಕಾಯಿಲೇಲೂ ಆಗತ್ತೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆ ಅದು, ಬೇಸಿಗೆ ಕಡೆ ಜಾಸ್ತಿ. ಅಂಥ ಟೈಮಲ್ಲಿ ಹಲ್ಲುನೋವು ಅಂತ ಐಬುಪ್ರೊಫೆನ್, ಆಸ್ಪಿರಿನ್ ಥರದ ಮಾತ್ರೆ ನುಂಗಿದ್ರೆ ರಕ್ತಸ್ರಾವ ಇನ್ನೂ ಜಾಸ್ತಿ ಆಗಬಹುದು. ಜ್ವರ ಇದ್ರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮುಟ್ಟಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಎಣ್ಣೆಗೆ ಕೆಲಸವೇ ಇಲ್ದಿರೋ ಜಾಗಗಳೂ ಇವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಮಕ್ಕಳು ಜಾರಿ ಬಿದ್ದು ಮುಂದಿನ ಹಲ್ಲು ಬೇರು ಸಮೇತ ಈಚೆ ಬರೋದು ನಮ್ಮಲ್ಲಿ ಹೊಸದಲ್ಲ. ಹಾಲು ಹಲ್ಲಾದ್ರೆ ವಾಪಸ್ ಕೂರಿಸಕ್ಕೆ ಹೋಗ್ಬೇಡಿ, ಕೆಳಗೆ ಬೆಳೀತಿರೋ ಹಲ್ಲಿಗೆ ಪೆಟ್ಟಾಗತ್ತೆ, ಡಾಕ್ಟ್ರಿಗೆ ತೋರಿಸಿ ಸಾಕು. ಶಾಶ್ವತ ಹಲ್ಲಾದ್ರೆ ಬಿಳೀ ಭಾಗ ಹಿಡ್ಕೊಳ್ಳಿ, ಬೇರು ಮುಟ್ಟಬೇಡಿ, ಮಣ್ಣಾಗಿದ್ರೆ ಹಾಲಲ್ಲೋ ನಲ್ಲಿ ನೀರಲ್ಲೋ ಒಂದು ಗಳಿಗೆ ಅಷ್ಟೇ ತೊಳೀರಿ, ತಿಕ್ಕಬೇಡಿ, ಅದೇ ಗುಳಿಗೆ ದಿಕ್ಕು ನೋಡಿ ವಾಪಸ್ ಕೂರಿಸಿ, ಬಟ್ಟೆ ಕಚ್ಚಿಸಿ. ಧೈರ್ಯ ಬರ್ಲಿಲ್ಲ ಅಂದ್ರೆ ಹಾಲಲ್ಲಿ ಮುಳುಗಿಸಿ ತಗೊಂಡು ಹೋಗಿ, ನೀರಲ್ಲಿ ಇಡಬೇಡಿ, ಕರ್ಚೀಫಲ್ಲಿ ಸುತ್ತಬೇಡಿ, ಒಣಗಿದ್ರೆ ಬೇರಿನ ಮೇಲಿನ ಜೀವಕೋಶ ಸಾಯತ್ತೆ. ಅರ್ಧ ಗಂಟೆ ಒಳಗೆ ಕೂರಿಸಿದ್ರೆ ಉಳಿಯೋ ಚಾನ್ಸ್ ಜಾಸ್ತಿ, ಒಂದು ಗಂಟೆ ಒಣಗಿದ್ರೆ ಕಷ್ಟ. ಗಾಜನೂರು ದಾಟೋಷ್ಟರಲ್ಲೇ ಆ ಒಂದು ಗಂಟೆ ಮುಗಿದಿರತ್ತೆ, ಅದಕ್ಕೇ ಹೇಳೋದು ಮನೇಲೇ ಕೂರಿಸೋದು ಒಳ್ಳೇದು ಅಂತ. ಕೊಟ್ಟಿಗೇಲಿ ಹಸು ಇಲ್ದಿದ್ರೂ ಫ್ರಿಜ್ಜಲ್ಲಿ ನಂದಿನಿ ಪ್ಯಾಕೆಟ್ ಇದ್ದೇ ಇರತ್ತೆ.

ಹಲ್ಲು ಕಿತ್ತ ಜಾಗದಲ್ಲಿ ರಕ್ತ ನಿಲ್ತಿಲ್ಲ ಅಂದ್ರೂ ಎಣ್ಣೆ ಬೇಡ. ಒದ್ದೆ ಹತ್ತಿಬಟ್ಟೆ ಮಡಚಿಟ್ಟು ಅರ್ಧ ಗಂಟೆ ಗಟ್ಟಿ ಕಚ್ಚಿ, ಐದೈದು ನಿಮಿಷಕ್ಕೆ ತೆಗೆದು ನೋಡೋದು, ಉಗಿಯೋದು, ಮುಕ್ಕಳಿಸೋದು ಮಾಡ್ಬೇಡಿ, ಕಟ್ಟಿದ ಹೆಪ್ಪು ಕಿತ್ತು ಬರತ್ತೆ. ಆಮೇಲೂ ಹರೀತಿದ್ರೆ ವಾಪಸ್ ಹೋಗಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಹಲ್ಲು ಕೀಳಿಸೋ ಮುಂಚೆನೇ ಅದನ್ನ ಹೇಳ್ಬಿಡಿ, ನೀವೇ ಬುದ್ಧಿ ಉಪಯೋಗಿಸಿ ನಿಲ್ಲಿಸೋದು ಬೇಡ.

ಹಾಂ, ಸ್ಟಾರ್ ಕಟ್ ಮಾಡಿದ್ದು. ಅದು ಮುಚ್ಚಳಕ್ಕೆ. ಸಾದಾ ತಿರುಪಿನ ಮುಚ್ಚಳ, ಮೂರು ವರ್ಷದ ಮಗು ಕೂಡ ತೆಗೀಬಹುದು, ವಾಸನೆ ಘಮ ಘಮ, ಸಣ್ಣ ಮಕ್ಕಳು ಒಂದೆರಡು ಚಮಚ ಕುಡಿದ್ರೂ ಲಿವರ್ ಕೆಡತ್ತೆ, ಫಿಟ್ಸ್ ಬರಬಹುದು. ಬಾಟ್ಲಿ ಮೇಲೆ ಕಣ್ಣಿಗೆ ಕಾಣೋ ಹಾಗೆ ಒಂದು ಎಚ್ಚರಿಕೆ ಇಲ್ಲ, ಹನಿ ಬೀಳಿಸೋ ಡ್ರಾಪರ್ ಕೊಟ್ಟಿಲ್ಲ, ಸುರಿದ್ರೆ ಗಬಕ್ ಅಂತ ಬೀಳತ್ತೆ. ಹಲ್ಲು ಬರೋ ಪಾಪುಗಳ ಒಸಡಿಗೆ ಇದನ್ನ ಸವರೋ ಅಜ್ಜಿಯರು ಇದಾರೆ, ದಯವಿಟ್ಟು ಬೇಡ. ನಾನು ಅಂಗಡಿಯವರಿಗೆ ಡ್ರಾಪರ್ ಇರೋದು ತರಿಸಿ ಅಂದಿದೀನಿ, ಮುಂದಿನ ಲಾಟಲ್ಲಿ ನೋಡೋಣ ಅಂದ್ರು. ಅಲ್ಲೀ ತನಕ ನಮ್ಮನೇಲಿ ಅಟ್ಟದ ಗೂಡಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ.